ಪಕ್ಕದ ಮನೆಯ ಬಾಯಿಗೆ ಬೆತ್ಲೆಹೇಮಿನ ಜಪಸರ

ಪ್ರಶ್ನೆ: ನಾವು ಮಂಗಳೂರಿನ ಬ್ಯಾರಿ ಮುಸ್ಲಿಮರು. ಗಂಡನ ಜೊತೆ ಬೈತುಲ್ ಮುಖದ್ದಸ್ (ಜೆರುಸಲೇಮ್) ಯಾತ್ರೆಗೆ ಹೋಗಿದ್ದೆ. ಬೆತ್ಲೆಹೇಮಿಗೂ ಕರೆದುಕೊಂಡು ಹೋಗಿದ್ದರು. ಅಲ್ಲಿ ತವರಿನ ಪಕ್ಕದ ಮನೆಯ ಕ್ಯಾಥೋಲಿಕ್ ಹೆಂಗಸು, ನಾವು 'ಬಾಯಿ' ಅಂತ ಕರೆಯುವವರು, ನೆನಪಾದರು. ಉಮ್ಮ ಆಸ್ಪತ್ರೆಯಲ್ಲಿದ್ದಾಗ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವರು ಅವರೇ. ಅವರಿಗೆಂದು ಆಲಿವ್ ಮರದ ಜಪಸರ ತಂದೆ. ಈಗ ಅತ್ತೆ, 'ಶಿಲುಬೆ ಇರುವ ವಸ್ತುವಿಗೆ ದುಡ್ಡು ಕೊಟ್ಟದ್ದೇ ತಪ್ಪು, ಬಿಸಾಡು' ಅಂತಾರೆ. ಗಂಡ ಏನೂ ಮಾತಾಡುವುದಿಲ್ಲ. ನನ್ನ ಈಮಾನಿಗೆ (ನಂಬಿಕೆಗೆ) ಕುಂದು ಬಂತಾ? ಕೊಡಲಾ, ಬೇಡವಾ?

ಉತ್ತರ: ಕೊಡಿ ತಂಗಿ. ನನಗೆ ಅನಿಸುವುದು ಇಷ್ಟೇ.

ಆದರೆ ಅತ್ತೆಯ ಅಳುಕನ್ನು ಸುಮ್ನೆ ತಳ್ಳಿಹಾಕಬೇಡಿ. ಈಸಾ ನಬಿಯನ್ನು (ಯೇಸುವನ್ನು) ಶಿಲುಬೆಗೇರಿಸಲಿಲ್ಲ ಎಂದು ಕುರ್‌ಆನ್ ಹೇಳುತ್ತದೆ. ಹಾಗಾಗಿ ಶಿಲುಬೆ ಕಂಡರೆ ಅವರಿಗೆ ಇರಿಸುಮುರುಸಾಗುವುದು ಸಹಜ. ಬೇರೆ ಧರ್ಮದ ಪ್ರಾರ್ಥನೆಯ ವಸ್ತುವನ್ನು ಕೊಳ್ಳಬಾರದು, ಉಡುಗೊರೆಯಾಗಿ ಕೊಡಬಾರದು ಎನ್ನುವ ಉಲಮಾಗಳೂ (ಧರ್ಮಪಂಡಿತರೂ) ಇದ್ದಾರೆ. ನನ್ನ ಮಾತು ಫತ್ವಾ ಅಲ್ಲ. ಮನಸ್ಸಿಗೆ ಸಮಾಧಾನ ಆಗದಿದ್ದರೆ ನೀವು ನಂಬುವ ಉಸ್ತಾದರನ್ನು ಕೇಳಿ. 'ಶಿಲುಬೆ ತಂದಿದ್ದೇನೆ' ಅಂತ ಅರ್ಧ ಹೇಳಿ ನಿಲ್ಲಿಸಬೇಡಿ. ಯಾರಿಗೆ ತಂದಿರಿ, ಅವರು ನಿಮಗೆ ಏನಾಗಬೇಕು, ಅದನ್ನೂ ಹೇಳಿ. ಏನೇ ಆಗಲಿ, ಬಿಸಾಡುವುದು ಮಾತ್ರ ಬೇಡ. ಅದು ಇನ್ನೊಬ್ಬರು ಕಣ್ಣಿಗೊತ್ತಿಕೊಳ್ಳುವ ವಸ್ತು.

ಇನ್ನು ಈಮಾನಿನ ಮಾತು. ಆ ಜಪಸರದ 59 ಮಣಿಗಳನ್ನು ಎಣಿಸಿ ಪ್ರಾರ್ಥಿಸಲು ನೀವು ತಂದದ್ದಲ್ಲ. ನೀವು ಹೋಗಿ ಬಂದ ಜೆರುಸಲೇಮಿನಲ್ಲೇ ನೋಡಿ. ಕ್ರಿಶ್ಚಿಯನ್ನರಿಗೆ ಅತಿ ಪವಿತ್ರವಾದ ಯೇಸುವಿನ ಸಮಾಧಿ ಚರ್ಚಿನ ಬೀಗದ ಕೈ ಶತಮಾನಗಳಿಂದ ಮುಸ್ಲಿಂ ಮನೆತನದ ಹತ್ತಿರ ಇದೆ. ಜೂದೆ ಮನೆತನದವರು ಅದನ್ನು ಕಾಯುತ್ತಾರೆ, ನುಸೈಬೆ ಮನೆತನದವರು ಬಾಗಿಲು ತೆರೆಯುತ್ತಾರೆ. ಆ ಚರ್ಚಿನ ಬಾಗಿಲು ತೆರೆದು ಕೊಟ್ಟೂ ಅವರು ಮುಸ್ಲಿಮರಾಗಿಯೇ ಬಾಳುತ್ತಿದ್ದಾರೆ. ಬಾಯಿ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುವಾಗ ಕರೆಯುವ, ಯೇಸುವಿನ ತಾಯಿ ಮರಿಯಮ್ಮನ ಹೆಸರಿನಲ್ಲಿ ಕುರ್‌ಆನಿನ 19ನೇ ಅಧ್ಯಾಯವೇ ಇದೆ. ಅತ್ತೆಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ವಾದಕ್ಕೆ ಅಂತಲ್ಲ, ಜೊತೆಗೆ ಕೂತು ಮಾತಾಡಲು ಅಲ್ಲಿಂದ ಶುರು ಮಾಡಬಹುದು.

ಅತ್ತೆಗೆ ಇನ್ನೊಂದು ಸಂಗತಿಯನ್ನೂ ಹೇಳಿ. ಅಂಗಡಿಯಿಂದ ತಂದ ಜಪಸರವನ್ನು ಫಾದರ್ ಕೈಯಲ್ಲಿ ಆಶೀರ್ವಾದ ಮಾಡಿಸಿಕೊಂಡು ಬಳಸುವುದು ಕ್ಯಾಥೋಲಿಕರ ರೂಢಿ. ಅದನ್ನು ಬಾಯಿಯೇ ಅವರ ಚರ್ಚಿನಲ್ಲಿ ಮಾಡಿಸಿಕೊಳ್ಳುತ್ತಾರೆ. ಆ ವಿಧಿಯಲ್ಲಿ ನಿಮಗೇನೂ ಕೆಲಸವಿಲ್ಲ. ಯೇಸು ಹುಟ್ಟಿದೂರಿನ ಮರದ್ದು ಅಂತ ತಂದು ಕೊಟ್ಟರೆ ನಿಮ್ಮ ಪಾಲಿನದು ಮುಗಿಯಿತು.

ನನಗೆ ಜಾಸ್ತಿ ಬೇಸರವಾದದ್ದು ನಿಮ್ಮ ಗಂಡನ ಮೌನ. ಅಂಗಡಿಯಲ್ಲಿ ಅವರೂ ಪಕ್ಕದಲ್ಲೇ ಇದ್ದರು ಅಲ್ವಾ? 'ಉಮ್ಮ, ನಾವಿಬ್ಬರೂ ಸೇರಿ ತಂದದ್ದು' ಅಂತ ಅವರೊಮ್ಮೆ ಹೇಳಿದರೆ ಅತ್ತೆಯ ಸಿಟ್ಟು ಅರ್ಧ ಇಳಿಯುತ್ತದೆ. ಇದನ್ನು ಅವರಿಗೆ ನೇರವಾಗಿ ಹೇಳಿ.

ಕೊಡಲು ಸೆಪ್ಟೆಂಬರ್ 8ರ ಮೊಂತಿ ಹಬ್ಬದವರೆಗೆ (ಮರಿಯಮ್ಮನ ಹುಟ್ಟುಹಬ್ಬ) ಕಾಯಬೇಕಾಗಿಲ್ಲ. ವಯಸ್ಸಾದವರು, ಬೇಗ ಹೋಗಿ ಬನ್ನಿ. ಅತ್ತೆಗೆ ಹೇಳಿಯೇ ಹೊರಡಿ, ಕದ್ದು ಬೇಡ. ಮನೆಯಲ್ಲಿ ನಡೆದ ಜಗಳದ ಸುದ್ದಿಯನ್ನು ಮಾತ್ರ ಬಾಯಿಯ ಕಿವಿಗೆ ಹಾಕಬೇಡಿ.