ಹಸುಗೂಸಿನ ನೆತ್ತಿಯ ಗಾಯಕ್ಕೆ ಹರಳೆಣ್ಣೆ ಬೇಡ

ಪ್ರಶ್ನೆ: ಡಾಕ್ಟರಮ್ಮಾ, ಮಗಳಿಗೆ ಹೆರಿಗೆಯಾಗಿ 12 ದಿನವಾಯಿತು. ಹುಟ್ಟುವಾಗಲೇ ಕೂಸಿನ ನೆತ್ತಿಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಚರ್ಮವೇ ಇರಲಿಲ್ಲ. ಈಗ ಹಕ್ಕಳೆ ಕಟ್ಟಿದೆ. ಗ್ರಹಣದ ದಿನ ಇವಳು ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಅಂತ ಬೀಗಿತ್ತಿ ಹೇಳುತ್ತಾರೆ. ಬಸುರಿನಲ್ಲಿ ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತಿದ್ದಳು. ನೆತ್ತಿಗೆ ಹರಳೆಣ್ಣೆ ಹಚ್ಚಿ ನೀರು ಹಾಕಬಹುದೇ?
— ಒಬ್ಬ ಅಜ್ಜಿ, ತಿಪಟೂರು

ಉತ್ತರ: ಅಮ್ಮಾ, ಮೊದಲು ಮಗಳ ಪಕ್ಕ ಕೂತು, ಇದು ನಿನ್ನ ತಪ್ಪಲ್ಲ ಅಂತ ಹೇಳಿ. ಗ್ರಹಣಕ್ಕೂ ಈಳಿಗೆ ಮಣೆಗೂ ಇದಕ್ಕೂ ಸಂಬಂಧವಿಲ್ಲ. ಹಸಿ ಬಾಣಂತಿ ಇಂಥ ಮಾತು ಕೇಳಿ ಕಣ್ಣೀರು ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೂಸು ಹೊಟ್ಟೆಯಲ್ಲಿರುವಾಗಲೇ ಅಷ್ಟು ಜಾಗದಲ್ಲಿ ಚರ್ಮ ಬೆಳೆದಿರುವುದಿಲ್ಲ. ಇದಕ್ಕೆ ಅಪ್ಲೇಸಿಯಾ ಕ್ಯೂಟಿಸ್ ಎನ್ನುತ್ತೇವೆ. 10,000 ಹೆರಿಗೆಗಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹೀಗಿರುತ್ತದೆ, ಹೆಚ್ಚಾಗಿ ನೆತ್ತಿಯಲ್ಲೇ.

ಹರಳೆಣ್ಣೆ, ಅರಿಸಿನ, ಬಜೆ ಯಾವುದೂ ಬೇಡ. ಮೈಗೆ ನೀರು ಹಾಕಿ, ತಲೆ ಬಿಡಿ. ಹಕ್ಕಳೆ ಕೀಳಬೇಡಿ, ಒಣಗಿ ಬಿರಿಯಲೂ ಬಿಡಬೇಡಿ. ವೈದ್ಯರು ಕೊಟ್ಟ ಮುಲಾಮು ಹಚ್ಚಿ ಪಸೆ ಉಳಿಸಿಕೊಳ್ಳಿ. ನೆತ್ತಿಯ ನಡುವೆ, ಮೂಳೆಯ ಕೆಳಗೇ, ಮಿದುಳಿನ ದೊಡ್ಡ ರಕ್ತನಾಳವಿದೆ. ಗಾಯ ದೊಡ್ಡದಿದ್ದು ಕೆಳಗೆ ಮೂಳೆಯೂ ಇಲ್ಲದಿದ್ದರೆ, ಒಣ ಹಕ್ಕಳೆ ಬಿರಿದಾಗ ಆ ನಾಳವೇ ಒಡೆಯಬಹುದು. ನಾನು ಕಲಿಯುತ್ತಿದ್ದಾಗ ನಡುರಾತ್ರಿ ಒಂದು ಕೂಸನ್ನು ತಂದರು, ಕುಲಾವಿ ಪೂರ್ತಿ ರಕ್ತದಲ್ಲಿ ನೆನೆದಿತ್ತು. ಆ ಕೂಸು ಉಳಿಯಿತು. ಅಂದಿನಿಂದ ನಾನು ಸಣ್ಣ ಗಾಯಕ್ಕೂ ಒಮ್ಮೆ ಸ್ಕ್ಯಾನ್ ಮಾಡಿಸುತ್ತೇನೆ; ನೀವೂ ಕೇಳಿ ಮಾಡಿಸಿ. ಸುಮಾರು ಐದಾರು ಮಕ್ಕಳಲ್ಲಿ ಒಂದಕ್ಕೆ ಕೆಳಗಿನ ಮೂಳೆಯಲ್ಲೂ ಕೊರತೆ ಇರುತ್ತದೆ.

ರಕ್ತ ಜಿನುಗಿದರೆ ಶುಭ್ರವಾದ ಬಟ್ಟೆ ಹಗುರವಾಗಿ ಒತ್ತಿಟ್ಟು ಆಸ್ಪತ್ರೆಗೆ ಹೊರಡಿ. ಕೀವು, ಜ್ವರ, ಹಾಲು ಬಿಡುವುದು, ಸುಮ್ಮನೆ ಮಂಕಾಗಿರುವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಸೋಂಕು ಮಿದುಳಿನ ಪೊರೆಗೆ ಇಳಿಯಬಹುದು. ಗಾಯದ ಸುತ್ತ ದಟ್ಟ ಕಪ್ಪು ಕೂದಲು ಬಳೆಯ ಹಾಗೆ ಬೆಳೆದಿದ್ದರೂ, ಕೈಕಾಲಿನ ಬೆರಳು ಮೊಟಕಾಗಿದ್ದರೂ ವೈದ್ಯರಿಗೆ ತೋರಿಸಿ.

ಮಾತ್ರೆಯ ಹೆಸರು ನೀವು ಬರೆದಿಲ್ಲ. ಥೈರಾಯ್ಡ್ ಕಡಿಮೆ ಇದ್ದವರು ನುಂಗುವ ಥೈರಾಕ್ಸಿನ್ ಆದರೆ ಚಿಂತೆಯಿಲ್ಲ. ಜಾಸ್ತಿ ಇದ್ದವರಿಗೆ ಕೊಡುವ ಕಾರ್ಬಿಮಜೋಲ್ ಅಥವಾ ಮೆಥಿಮಜೋಲನ್ನು ಬಸುರಿನ ಮೊದಲ ತಿಂಗಳುಗಳಲ್ಲಿ ನುಂಗಿದ್ದರೆ ಕೆಲವೊಮ್ಮೆ ಹೀಗಾಗುವುದುಂಟು. ತಾನಾಗಿ ನಿಲ್ಲಿಸುವುದು ಬೇಡ. ಮುಂದಿನ ಬಸುರಿಗೆ ಮೊದಲೇ ವೈದ್ಯರಿಗೆ ಹೇಳಲಿ.

ನಾಣ್ಯದಷ್ಟು ಗಾಯ ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಮಾಯುತ್ತದೆ. ಆ ಕಲೆಯ ಮೇಲೆ ಕೂದಲು ಬಾರದು, ಸುತ್ತಲಿನದು ಬೆಳೆದು ಮುಚ್ಚಿಕೊಳ್ಳುತ್ತದೆ. ಬೇಕೆನಿಸಿದರೆ ಮಗು ದೊಡ್ಡದಾದ ಮೇಲೆ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಲೆ ತೆಗೆಸಬಹುದು.