ಮುಂದಿರುವ ನೌಕೆಯನ್ನು ಹಿಡಿಯಲು ವೇಗ ಇಳಿಸಿ: ಸಿಮ್ಯುಲೇಟರ್‌ನಲ್ಲಿ ಡಾಕಿಂಗ್ ಮತ್ತು ಚಂದ್ರನ ದಾರಿ

ಪ್ರಶ್ನೆ: ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಬಾಹ್ಯಾಕಾಶ ಆಟದಲ್ಲಿ, ಅದರ ಗ್ರಹ ಕರ್ಬಿನ್ ಸುತ್ತ 100 ಕಿ.ಮೀ. ಎತ್ತರದಲ್ಲಿ ನಿಲ್ದಾಣ ಇಟ್ಟಿದ್ದೇನೆ. ಎರಡನೇ ನೌಕೆಯೂ ಅದೇ ಕಕ್ಷೆ ಸೇರಿದೆ, ನಿಲ್ದಾಣ 10 ಕಿ.ಮೀ. ಮುಂದಿದೆ. ಅದರತ್ತ ಮೂತಿ ತಿರುಗಿಸಿ ಎಂಜಿನ್ ಉರಿಸಿದರೆ ಮೊದಲು ಹತ್ತಿರ ಬರುತ್ತದೆ, ಆಮೇಲೆ ದೂರವಾಗುತ್ತಲೇ ಹೋಗುತ್ತದೆ. ಯಾಕೆ?

ಉತ್ತರ: ಮುಂದಕ್ಕೆ ಉರಿಸಿದಾಗ ಕಕ್ಷೆಯ ಎದುರು ಬದಿ ಮೇಲೇರುತ್ತದೆ. ಕಕ್ಷೆ ದೊಡ್ಡದಾಯಿತೆಂದರೆ ಸುತ್ತು ಮುಗಿಸಲು ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ನಿಲ್ದಾಣ ಮುಂದೆ ಹೋಗಿರುತ್ತದೆ. 100 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 32.6 ನಿಮಿಷ. ಅಲ್ಲಿ ಸೆಕೆಂಡಿಗೆ ಬರೀ 1 ಮೀಟರ್ ವೇಗ ಸೇರಿಸಿದರೂ ಸುತ್ತು ಮುಗಿಯುವಾಗ ನೀವು ಹೆಚ್ಚುಕಡಿಮೆ 6 ಕಿ.ಮೀ. ಹಿಂದೆ ಬಿದ್ದಿರುತ್ತೀರಿ. 1965ರ ಜೂನ್‌ನಲ್ಲಿ ನಾಸಾದ ಜೆಮಿನಿ 4 ನೌಕೆಯ ಜಿಮ್ ಮೆಕ್‌ಡಿವಿಟ್ ತಮ್ಮದೇ ಟೈಟನ್ ರಾಕೆಟ್‌ನ ಎರಡನೇ ಹಂತದ ಬಳಿ ಹೋಗಲು ಹೀಗೇ ಗುರಿಯತ್ತ ಉರಿಸಿ ನೋಡಿದರು. ಇಂಧನ ಉಳಿಸಿಕೊಳ್ಳಲು ಕೊನೆಗೆ ಪ್ರಯತ್ನವನ್ನೇ ಬಿಡಬೇಕಾಯಿತು. ನಿಮ್ಮ ತಪ್ಪು ಅನುಭವಿ ಪೈಲಟ್ ಕೂಡ ಮಾಡಿದ ತಪ್ಪು.

ಇದೇ ಲೆಕ್ಕವನ್ನು ತಿರುಗಿಸಿ ಬಳಸಿ. ರೆಟ್ರೊಗ್ರೇಡ್ ಕಡೆ, ಅಂದರೆ ಚಲಿಸುವ ದಿಕ್ಕಿಗೆ ವಿರುದ್ಧವಾಗಿ, ಮೂತಿ ಮಾಡಿ 1.7 ಮೀ./ಸೆ. ಕಳೆಯಿರಿ. ಎದುರು ಬದಿ ಸುಮಾರು 2 ಕಿ.ಮೀ. ಕೆಳಗಿಳಿಯುತ್ತದೆ, ವಾತಾವರಣ ಮುಗಿಯುವುದು 70 ಕಿ.ಮೀ.ಗೆ, ಹಾಗಾಗಿ ಭಯವಿಲ್ಲ. ಒಂದು ಪೂರ್ತಿ ಸುತ್ತು ಸುಮ್ಮನೆ ಕಾಯಿರಿ. ಅದೇ ಜಾಗಕ್ಕೆ ಮರಳುವಾಗ ಆ 10 ಕಿ.ಮೀ. ಅಂತರ ಕರಗಿರುತ್ತದೆ. ದಿಕ್ಕು ತೋರಿಸುವ ಗೋಳವಾದ ನ್ಯಾವ್‌ಬಾಲ್ ಅನ್ನು ಟಾರ್ಗೆಟ್ ಮೋಡ್‌ಗೆ ಹಾಕಿ, ಅದರಲ್ಲಿ ಕಾಣುವ ರೆಟ್ರೊಗ್ರೇಡ್ ಗುರುತಿನ ಕಡೆ ಉರಿಸಿ ಸಾಪೇಕ್ಷ ವೇಗವನ್ನು ಸೊನ್ನೆಗೆ ತನ್ನಿ.

ಮುಂದಿನ ಸಲ ಎರಡನೇ ನೌಕೆಯನ್ನು ನಿಲ್ದಾಣದ ಕಕ್ಷೆಗೇ ಏರಿಸಬೇಡಿ, 80 ಕಿ.ಮೀ.ನಲ್ಲಿ ನಿಲ್ಲಿಸಿ. ಮೊದಲು ಎರಡು ಕಕ್ಷೆಗಳ ಓರೆ ಸರಿಪಡಿಸಿ. ಇಲ್ಲಿ 1 ಡಿಗ್ರಿ ಓರೆಗೆ ಸುಮಾರು 39 ಮೀ./ಸೆ. ದಂಡ. ಕೆಳಗಿನ ನೌಕೆ ಒಂದೊಂದು ಸುತ್ತಿಗೆ 15 ಡಿಗ್ರಿಯಷ್ಟು ಅಂತರ ಮುಚ್ಚುತ್ತದೆ. ನಿಲ್ದಾಣ 4 ಡಿಗ್ರಿ ಮುಂದೆ ಉಳಿದಾಗ ಪ್ರೊಗ್ರೇಡ್ (ಚಲಿಸುವ ದಿಕ್ಕಿನ) ಕಡೆ 16.5 ಮೀ./ಸೆ. ಉರಿಸಿದರೆ ಅರ್ಧ ಸುತ್ತಿನಲ್ಲಿ ಅದರ ಪಕ್ಕದಲ್ಲಿರುತ್ತೀರಿ. ಅಲ್ಲಿ ವೇಗ ಹೊಂದಿಸಲು ಮತ್ತೆ ಅಷ್ಟೇ ಬೇಕು.

ಗುರಿಗೆ ಮೂತಿ ಮಾಡಿ ಹೋಗುವುದು ಕೊನೆಯ ಒಂದೆರಡು ಕಿ.ಮೀ.ಗೆ ಮಾತ್ರ ಸರಿ. ಕೆಲವೇ ನಿಮಿಷದ ಪಯಣವಾದ್ದರಿಂದ ಕಕ್ಷೆಯ ಬಾಗು ತೊಂದರೆ ಕೊಡುವಷ್ಟು ಬೆಳೆಯುವುದಿಲ್ಲ. ಆಗಲೂ ವೇಗ ದೂರದ ನೂರರಲ್ಲೊಂದು ಪಾಲು ಮೀರದಿರಲಿ: 1 ಕಿ.ಮೀ.ಗೆ 10 ಮೀ./ಸೆ., 200 ಮೀಟರಿಗೆ 2.

ಪ್ರಶ್ನೆ: 50 ಮೀಟರ್ ತನಕ ಚೆನ್ನಾಗಿಯೇ ಬರುತ್ತೇನೆ. ಆಮೇಲೆ ಆರ್‌ಸಿಎಸ್ (ನೌಕೆಯನ್ನು ಮೆಲ್ಲಗೆ ತಳ್ಳುವ ಸಣ್ಣ ಥ್ರಸ್ಟರ್‌ಗಳು) ಬಳಸಿ ಪಕ್ಕಕ್ಕೆ ಸರಿದರೆ ನೌಕೆ ತಿರುಗುತ್ತದೆ. ಎರಡು ನೌಕೆ ಕೂಡುವ ಡಾಕಿಂಗ್ ಪೋರ್ಟ್‌ಗೆ ತಗುಲಿದರೂ ಕೂಡಿಕೊಳ್ಳದೆ ಪುಟಿಯುತ್ತದೆ.

ಉತ್ತರ: ತಿರುಗುವುದು ನೌಕೆ ಕಟ್ಟಿದ ರೀತಿಯ ದೋಷ. ಥ್ರಸ್ಟರ್‌ಗಳು ತೂಕದ ಕೇಂದ್ರದ ಒಂದೇ ಬದಿಗಿದ್ದರೆ ಪ್ರತಿ ತಳ್ಳುವಿಕೆಯೂ ನೌಕೆಯನ್ನು ತಿರುಗಿಸುತ್ತದೆ. ಕೇಂದ್ರದಿಂದ ಸಮದೂರದಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಕೂರಿಸಿ. ಹಾಗೆ ಕೂರಿಸುವಾಗ ಟ್ಯಾಂಕ್ ತುಂಬಿದ ಸ್ಥಿತಿಯನ್ನು ನೋಡಬೇಡಿ. ಡಾಕಿಂಗ್ ಹೊತ್ತಿಗೆ ಎಷ್ಟು ಇಂಧನ ಉಳಿದಿರುತ್ತದೋ ಅಷ್ಟಕ್ಕೆ ಸ್ಲೈಡರ್ ಇಳಿಸಿ ಕೇಂದ್ರದ ಗುರುತು ಎಲ್ಲಿ ಬರುತ್ತದೆ ನೋಡಿ. ನೌಕೆಯನ್ನು ತಿರುಗಿಸುವ ಕೆಲಸ ಅದರೊಳಗೆ ಸುತ್ತುವ ಚಕ್ರವಾದ ರಿಯಾಕ್ಷನ್ ವೀಲ್‌ಗೇ ಇರಲಿ.

ನಿಮ್ಮ ಡಾಕಿಂಗ್ ಪೋರ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ಕಂಟ್ರೋಲ್ ಫ್ರಮ್ ಹಿಯರ್’ ಒತ್ತಿ, ಎದುರಿನ ನೌಕೆಯನ್ನಲ್ಲ, ಅದರ ಪೋರ್ಟ್ ಅನ್ನೇ ಟಾರ್ಗೆಟ್ ಮಾಡಿ. ಇದನ್ನು ಮರೆತವರಿಗೆ ನ್ಯಾವ್‌ಬಾಲ್ ತಪ್ಪು ದಿಕ್ಕನ್ನೇ ತೋರಿಸುತ್ತದೆ. ಇನ್ನು, ನಿಲ್ದಾಣದ ಪೋರ್ಟ್ ನಾರ್ಮಲ್ ಕಡೆ, ಅಂದರೆ ಕಕ್ಷೆಯ ಸಮತಲಕ್ಕೆ ಲಂಬವಾಗಿ, ಮುಖ ಮಾಡಿರಲಿ. ಸುತ್ತಿನುದ್ದಕ್ಕೂ ಆ ದಿಕ್ಕು ಬದಲಾಗುವುದಿಲ್ಲ, ನೀವು ಅದರ ಹಿಂದೆ ಅಲೆಯಬೇಕಾಗಿಲ್ಲ. ಇದೊಂದೇ ಬದಲಾವಣೆ ಅರ್ಧ ಕಷ್ಟ ಕಳೆಯುತ್ತದೆ.

ಪುಟಿಯುವುದಕ್ಕೆ ಸಾಮಾನ್ಯ ಕಾರಣ ಎಸ್‌ಎಎಸ್, ಅಂದರೆ ನೌಕೆಯ ದಿಕ್ಕನ್ನು ತಾನಾಗಿ ಹಿಡಿದಿಡುವ ವ್ಯವಸ್ಥೆ. ಪೋರ್ಟ್‌ಗಳ ಆಯಸ್ಕಾಂತ ಎರಡನ್ನೂ ಸಾಲಿಗೆ ಎಳೆಯುತ್ತಿದ್ದರೆ ಎಸ್‌ಎಎಸ್ ಹಟ ಹಿಡಿದು ಹಳೆಯ ದಿಕ್ಕಿಗೇ ತಿರುಗಿಸುತ್ತದೆ. ತಗುಲಿದ ಕ್ಷಣ ಎರಡೂ ನೌಕೆಗಳಲ್ಲಿ ಅದನ್ನು ಆಫ್ ಮಾಡಿ. ತಗುಲುವ ವೇಗ 0.1ರಿಂದ 0.3 ಮೀ./ಸೆ. ಇರಲಿ, ಕ್ಯಾಪ್ಸ್ ಲಾಕ್ ಒತ್ತಿ ಥ್ರಸ್ಟರ್‌ಗಳನ್ನು ಮೆದು ಮಾಡಿಕೊಳ್ಳಿ. ಪೋರ್ಟ್‌ಗಳ ಅಳತೆ ಬೇರೆಬೇರೆಯಾಗಿದ್ದರೆ ಎಷ್ಟು ಹೊತ್ತು ಒತ್ತಿದರೂ ಕೂಡಿಕೊಳ್ಳುವುದಿಲ್ಲ. ಒಮ್ಮೆ ಬೇರ್ಪಟ್ಟ ಪೋರ್ಟ್ ಮತ್ತೆ ಹಿಡಿಯಬೇಕಾದರೆ ಮೊದಲು ಸ್ವಲ್ಪ ದೂರ ಸರಿಯಬೇಕು.

ಅಭ್ಯಾಸಕ್ಕೆ ಇಸ್ರೊದ ಡಾಕಿಂಗ್ ಪ್ರಯೋಗ ಸ್ಪೇಡೆಕ್ಸ್ ಒಳ್ಳೆಯ ಮಾದರಿ. 2025ರ ಜನವರಿ 12ರಂದು ಅದರ ಎರಡು ಉಪಗ್ರಹಗಳನ್ನು 15 ಮೀಟರಿಗೆ, ಆಮೇಲೆ 3 ಮೀಟರಿಗೆ ತಂದು ನಿಲ್ಲಿಸಿ ಮತ್ತೆ ದೂರ ಸರಿಸಿದರು. ಅವು ಕೂಡಿದ್ದು 16ರಂದು. ನೀವೂ 200, 50, 15 ಮೀಟರಿನಲ್ಲಿ ಪೂರ್ತಿ ನಿಲ್ಲಿ. ಸಾಲು ತಪ್ಪಿದ್ದರೆ ನಿಂತಲ್ಲೇ ಸರಿಪಡಿಸಿ. ಚಲಿಸುತ್ತಲೇ ತಿದ್ದಲು ಹೋದವರ ಮಾನೊಪ್ರೊಪೆಲಂಟ್ (ಥ್ರಸ್ಟರ್‌ಗಳ ಇಂಧನ) ಅಲ್ಲೇ ಖಾಲಿಯಾಗುವುದು.

ಪ್ರಶ್ನೆ: ಆಟದ ಚಂದ್ರನಾದ ಮುನ್ ಎಷ್ಟು ದೂರವಿದೆಯೋ ಅಷ್ಟು ದೂರ ತಲುಪುತ್ತೇನೆ, ಅದು ಅಲ್ಲಿರುವುದಿಲ್ಲ. ಒಮ್ಮೆ ಹತ್ತಿರ ಸಿಕ್ಕಿತು, ಆದರೆ ನನ್ನನ್ನು ಸೂರ್ಯನ ಕಕ್ಷೆಗೆ ಎಸೆದುಬಿಟ್ಟಿತು.

ಉತ್ತರ: 80 ಕಿ.ಮೀ. ಕಕ್ಷೆಯಿಂದ ಅಲ್ಲಿಗೆ ಏಳು ಗಂಟೆಗೂ ಮಿಕ್ಕಿದ ದಾರಿ. ಅಷ್ಟರಲ್ಲಿ ಮುನ್ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೆ ಗುರಿ ಇಡಬೇಕು. ಉರಿಸುವಾಗ ಅದು ನಿಮಗಿಂತ ಸುಮಾರು 111 ಡಿಗ್ರಿ ಮುಂದಿರಲಿ. ಕೋನ ಅಳೆಯಲು ಉಪಕರಣ ಬೇಕಿಲ್ಲ: ಈ ಎತ್ತರದಿಂದ ಕರ್ಬಿನ್‌ನ ಅಂಚಿನಲ್ಲಿ ಮುನ್ ಉದಯಿಸುವುದು ಹೆಚ್ಚುಕಡಿಮೆ ಇದೇ ಹೊತ್ತಿಗೆ. ಅದು ಕಂಡಾಗ ಪ್ರೊಗ್ರೇಡ್ ಕಡೆ ಸುಮಾರು 860 ಮೀ./ಸೆ. ಉರಿಸಿ.

ಎಸೆದದ್ದು ನೀವು ಮುನ್‌ನ ಬೆನ್ನ ಹಿಂದಿನಿಂದ ಹಾದುಹೋದದ್ದರಿಂದ. ಹಾಗೆ ಹಾದವರಿಗೆ ಅದರ ಗುರುತ್ವ ಕರ್ಬಿನ್ ಲೆಕ್ಕದಲ್ಲಿ ವೇಗ ಕೂಡಿಸುತ್ತದೆ, ಮುಂದಿನಿಂದ ಹಾದವರಿಗೆ ಕಳೆಯುತ್ತದೆ. ಉರಿಸುವುದನ್ನು ಕೆಲವು ಸೆಕೆಂಡು ತಡಮಾಡಿದರೆ ದಾರಿ ಮುಂಭಾಗಕ್ಕೆ ಸರಿಯುತ್ತದೆ. ಎಂಜಿನ್ ಕೈಕೊಟ್ಟರೂ ನೌಕೆ ತಾನಾಗಿ ಮನೆ ಕಡೆ ಬಾಗುವಂತೆ ಇದನ್ನೇ ಹೊಂದಿಸಿಕೊಳ್ಳಬಹುದು. ಅಪೊಲೊ 8 ಮತ್ತು 11 ಹೊರಟದ್ದು ಇಂಥ ದಾರಿಯಲ್ಲೇ. ಕಕ್ಷೆ ಉಲ್ಟಾ ದಿಕ್ಕಿನದಾಗುತ್ತದೆ, ಆದರೆ ಮುನ್‌ನ ನೆಲ ಸೆಕೆಂಡಿಗೆ 9 ಮೀಟರಿನಷ್ಟೇ ಚಲಿಸುವುದರಿಂದ ಇಳಿಯಲು ಹೆಚ್ಚಿನ ನಷ್ಟವಿಲ್ಲ. ಅರ್ಧ ದಾರಿಯಲ್ಲಿ ಒಂದಷ್ಟು ಮೀ./ಸೆ. ತಿದ್ದಿ ಮುನ್‌ಗೆ ಅತಿ ಹತ್ತಿರದ ಬಿಂದುವನ್ನು 30 ಕಿ.ಮೀ.ಗೆ ತನ್ನಿ. ಆ ಬಿಂದುವಿನಲ್ಲೇ ರೆಟ್ರೊಗ್ರೇಡ್ ಕಡೆ ಸುಮಾರು 270 ಮೀ./ಸೆ. ಉರಿಸಬೇಕು; ತಡವಾದರೆ ಹಿಡಿತಕ್ಕೆ ಸಿಗುವುದಿಲ್ಲ. ಇಳಿಯಲು 600, ಏರಲು 600, ಮರಳಲು 280. ಮೇಲಿನ 860, 270 ಸೇರಿ ಒಟ್ಟು ಸುಮಾರು 2,600 ಮೀ./ಸೆ. ನೀವು 3,000 ಇಟ್ಟುಕೊಂಡು ಹೊರಡಿ.

ಎಂಜಿನ್ ಸಣ್ಣದಾಗಿದ್ದು 860 ಮೀ./ಸೆ.ಗೆ ಐದಾರು ನಿಮಿಷ ಬೇಕಾದರೆ, 31 ನಿಮಿಷದ ಕಕ್ಷೆಯಲ್ಲಿ ಅಷ್ಟರಲ್ಲಿ ಐದನೇ ಒಂದು ಭಾಗ ತಿರುಗಿರುತ್ತೀರಿ, ಲೆಕ್ಕ ಹಾಳಾಗುತ್ತದೆ. ಕೆಳ ಬಿಂದುವಿನಲ್ಲಿ 300ರಂತೆ ಎರಡು ಸಲ, ಉಳಿದದ್ದು ಕೊನೆಗೆ ಉರಿಸಿ. ಚಂದ್ರಯಾನ-3 ಕೂಡ 2023ರ ಜುಲೈ 14ರಂದು ಹಾರಿ, ಭೂಮಿಯ ಸುತ್ತಲೇ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡು ಆಗಸ್ಟ್ 1ರಂದು ಚಂದ್ರನ ದಾರಿ ಹಿಡಿಯಿತು.

ಪ್ರಶ್ನೆ: ಇದನ್ನೆಲ್ಲ ಕಲಿತ ಮೇಲೆ ಆರ್ಬಿಟರ್ ಎಂಬ ಸಿಮ್ಯುಲೇಟರ್ ಕಷ್ಟವಾಗುತ್ತದೆಯೇ?

ಉತ್ತರ: ತತ್ವ ಅದೇ, ಅಳತೆ ನಿಜವಾದದ್ದು. ಮಾರ್ಟಿನ್ ಶ್ವೈಗರ್ 2000ದಲ್ಲಿ ಬಿಡುಗಡೆ ಮಾಡಿದ ಈ ಸಿಮ್ಯುಲೇಟರ್‌ನಲ್ಲಿ ಚಂದ್ರ ಸರಾಸರಿ 3,84,400 ಕಿ.ಮೀ. ದೂರವಿದ್ದಾನೆ, ಅಲ್ಲಿಗೆ ಹೊರಡಲು 3.1 ಕಿ.ಮೀ./ಸೆ. ಬೇಕು. ಕಕ್ಷೆಯ 1 ಡಿಗ್ರಿ ಓರೆ ಇಲ್ಲಿ 130 ಮೀ./ಸೆ. ಮೀರಿ ತಿನ್ನುತ್ತದೆ. ಹಾಗಾಗಿ ‘ಅಲೈನ್ ಪ್ಲೇನ್ಸ್’ ಪರದೆಯನ್ನು ಮೊದಲು ಕಲಿಯಿರಿ, ಆಮೇಲೆ ‘ಸಿಂಕ್ ಆರ್ಬಿಟ್’, ಕೊನೆಗೆ ‘ಡಾಕಿಂಗ್’.