48ರ ವಯಸ್ಸಿನಲ್ಲಿ ಮದುವೆ: ಕೊಡವ ಮದುಮಗಳಿಗೆ ಏರ್‌ಬ್ರಷ್ ಮೇಕಪ್ ಬೇಕೇ?

ಏಪ್ರಿಲ್‌ನಲ್ಲಿ ವಿರಾಜಪೇಟೆಯಲ್ಲಿ ಮದುವೆ, ವಯಸ್ಸು 48, ಏರ್‌ಬ್ರಷ್ (ಮೈಬಣ್ಣದ ದ್ರವವನ್ನು ಯಂತ್ರದಿಂದ ಮುಖಕ್ಕೆ ಸಿಂಪಡಿಸುವ ಮೇಕಪ್) ಮಾಡಿಸಿದರೆ ಸುಕ್ಕು ಮುಚ್ಚುತ್ತದೆಯೇ ಎಂದು ಕೇಳಿದ್ದೀರಿ. ಜೊತೆಗೆ, ‘ಈ ವಯಸ್ಸಿಗೆ ಇದೆಲ್ಲ ಬೇಕೇ’ ಎನ್ನುವ ನೆಂಟರಿಗೆ ಏನು ಹೇಳಲಿ ಎಂದೂ ಕೇಳಿದ್ದೀರಿ. ನೆಂಟರಿಗೆ ಏನೂ ಹೇಳಬೇಡಿ, ಊಟಕ್ಕೆ ಕರೆಯಿರಿ, ಸಾಕು. ಮೇಕಪ್ಪಿನ ಮಾತಿಗೆ ಬರುತ್ತೇನೆ. ಗೋಣಿಕೊಪ್ಪದಲ್ಲಿ ಮದುಮಗಳನ್ನು ಅಲಂಕರಿಸುವುದೇ ನನ್ನ ಕಸುಬು.

ಏರ್‌ಬ್ರಷ್ ನಿಮಗೆ ಬೇಡ ಎನ್ನುತ್ತೇನೆ. ವಯಸ್ಸಾದಂತೆ ಒಣಗುವ ಚರ್ಮದ ಮೇಲೆ ಅದು ಗೆರೆಗಳನ್ನು ಮುಚ್ಚುವ ಬದಲು ಎತ್ತಿ ತೋರಿಸುತ್ತದೆ. ನಡುವೆ ಬೆವರಿ ಒರೆಸಿಕೊಂಡರೆ ಉಳಿಯುವ ಪಟ್ಟೆಯನ್ನು ಸರಿಪಡಿಸುವುದೂ ಕಷ್ಟ. ಮಾಯಿಶ್ಚರೈಸರ್ ಹಚ್ಚಿ, ಅದು ಚರ್ಮಕ್ಕೆ ಇಳಿಯುವವರೆಗೆ ಕಾದು, ಒದ್ದೆ ಸ್ಪಂಜಿನಿಂದ ದ್ರವ ಫೌಂಡೇಶನ್ನನ್ನು ತೆಳುವಾಗಿ ಒತ್ತಿಸಿಕೊಳ್ಳಿ. ಅದೂ ಮುಖವಿಡೀ ಬೇಡ. ಮೂಗಿನ ಅಕ್ಕಪಕ್ಕ, ಕೆನ್ನೆಯ ಕಲೆಗಳು, ಗಲ್ಲ, ಇಷ್ಟು ಸಾಕು. ಪೌಡರ್ ಹಣೆ ಮತ್ತು ಮೂಗಿಗೆ ಮಾತ್ರ. ಕಣ್ಣಿನ ಕೆಳಗೆ ಪೌಡರ್ ಸುರಿಯಲು ಬಂದವರ ಕೈ ಹಿಡಿದುಕೊಳ್ಳಿ: ನಕ್ಕಾಗಲೆಲ್ಲ ಅದು ಗೆರೆಯೊಳಗೆ ಕೂರುತ್ತದೆ, ಆ ದಿನ ನೀವು ನಗುತ್ತಲೇ ಇರಬೇಕು. ರೆಪ್ಪೆಗೆ ಹೊಳೆಯುವ ಬಣ್ಣದ ಬದಲು ಮ್ಯಾಟ್ ಕಂದು ಹಾಕಿಸಿ, ಹುಬ್ಬನ್ನು ಮಾತ್ರ ಚೆನ್ನಾಗಿ ತುಂಬಿಸಿ. ವಯಸ್ಸಾದಂತೆ ಹುಬ್ಬಿನ ತುದಿ ವಿರಳವಾಗುತ್ತದೆ. ಅದನ್ನು ತಿದ್ದಿದರೆ ಇಡೀ ಮುಖಕ್ಕೆ ಕಳೆ ಬರುತ್ತದೆ.

ಬೆಂಗಳೂರಿನಿಂದ ಬರುವ ಕಲಾವಿದರಿಗೆ ಹೊಳೆಯದ ಒಂದು ಸಂಗತಿ ನಮ್ಮ ಕೆಂಪು ವಸ್ತ್ರ. ಕೆಂಪು ಸೀರೆ, ಕೆಂಪು ಉದ್ದ ತೋಳಿನ ರವಿಕೆ, ತಲೆಗೆ ಹೊದೆಯುವ ವಸ್ತ್ರವೂ ಕೆಂಪು. ಆ ಬಟ್ಟೆಯ ಛಾಯೆಯೇ ಮುಖಕ್ಕೆ ಬೀಳುತ್ತದೆ. ವಸ್ತ್ರವಿಲ್ಲದೆ ಕನ್ನಡಿಯಲ್ಲಿ ಹಿತವಾಗಿ ಕಂಡ ಗುಲಾಬಿ ಬ್ಲಶ್ ಮುಹೂರ್ತದಲ್ಲಿ ಜ್ವರ ಬಂದವರ ಕೆನ್ನೆಯಂತಾಗುತ್ತದೆ. ಕ್ರೀಮ್ ಬ್ಲಶ್ ಇರಲಿ, ಬಣ್ಣ ಪೀಚ್ ಕಡೆಗಿರಲಿ.

ಇನ್ನು ತುಟಿ. ನೆಂಟರೆಲ್ಲ ಸಾಲಾಗಿ ಬಂದು ಅಕ್ಕಿ ಹಾಕಿ ಹರಸಿ, ಕಿಂಡಿಯಿಂದ (ಕೊಳವೆಯಂಥ ಮೂತಿಯ ಚಿಕ್ಕ ಪಾತ್ರೆ) ಹಾಲು ಕುಡಿಸುವಾಗ ನಡುವೆ ಎದ್ದು ತಿದ್ದಿಕೊಳ್ಳಲು ಆಗುವುದಿಲ್ಲ. ಹೊಳಪಿನ ಲಿಪ್‌ಸ್ಟಿಕ್ ಆದರೆ ಅರ್ಧ ಸಾಲು ಮುಗಿಯುವ ಮೊದಲೇ ತುಟಿ ಸುತ್ತಲಿನ ಸಣ್ಣ ಗೆರೆಗಳಿಗೆ ಹರಡಿರುತ್ತದೆ. ಮೊದಲು ಲಿಪ್ ಬಾಮ್ ಹಚ್ಚಿ ಒರೆಸಿ, ಲೈನರಿನಿಂದ ಅಂಚು ಕಟ್ಟಿ, ಅದೇ ಲೈನರನ್ನು ತುಟಿಗೂ ತುಂಬಿ, ಮೇಲೆ ಅಂಟದ ಲಿಪ್‌ಸ್ಟಿಕ್ ಒಂದು ಪದರ, ಟಿಶ್ಯೂ ಒತ್ತಿ ಇನ್ನೊಂದು ಪದರ.

ಕುತ್ತಿಗೆಗೆ ಹೆಚ್ಚು ಬಳಿಸಬೇಡಿ. ಜೋಮಾಲೆ, ಪತ್ತಾಕ್‌ನಂಥ ನಮ್ಮ ಕೊರಳ ಒಡವೆಗಳು ಬಿದ್ದ ಮೇಲೆ ಅಲ್ಲಿ ಕಾಣುವುದೇ ಸ್ವಲ್ಪ, ರವಿಕೆಯ ಕಾಲರಿಗೆ ಕಲೆಯಾಗುವುದೇ ಹೆಚ್ಚು. ಮದುಮಗಳು ಬಾವಿಯಿಂದ ನೀರು ಹೊತ್ತು ತರುವ ಗಂಗಾಪೂಜೆಯಲ್ಲಿ ತಲೆಯ ಮೇಲೆ ನೀರಿನ ಬಿಂದಿಗೆ, ಎದುರಿಗೆ ವಾಲಗಕ್ಕೆ ಕುಣಿಯುತ್ತ ದಾರಿ ಬಿಡದ ನೆಂಟರು, ಬೆವರದೆ ಇರಲಾರಿರಿ. ಟಿಶ್ಯೂ ಹಿಡಿದು ಒಬ್ಬ ತಂಗಿ ಪಕ್ಕದಲ್ಲಿರಲಿ. ಒರೆಸಬಾರದು, ಒತ್ತಬೇಕು ಎಂದು ಅವಳಿಗೆ ಮೊದಲೇ ಹೇಳಿಡಿ.

ಕೂದಲಿಗೆ ಬಣ್ಣ ಹಾಕಿಸುವುದಾದರೆ 48 ಗಂಟೆ ಮೊದಲೇ ಚರ್ಮದ ಮೇಲೆ ಪರೀಕ್ಷಿಸಿ, ನೀವು ಮೊದಲು ಬಳಸಿದ ಬಣ್ಣವಾದರೂ ಸರಿ. ಕೊನೆಯ ವಾರದಲ್ಲಿ ಹೊಸ ಫೇಶಿಯಲ್ ಬೇಡವೇ ಬೇಡ. ಸುಕ್ಕಿಗೆಂದು ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದರೆ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಬೇಡಿ, ಚರ್ಮವೇ ಸುಲಿದು ಬಂದೀತು.

ಮುಂಗಡ ಕೊಡುವ ಮೊದಲು ಒಂದು ಟ್ರಯಲ್ ಕೇಳಿ. ವಸ್ತ್ರ ಹೊದ್ದು, ಮನೆಯ ಜಗಲಿಯ ಬೆಳಕಿನಲ್ಲಿ ನೋಡಿ. ಆಮೇಲೆ ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹಾಕಿ ಫೋಟೊ ತೆಗೆಯಿರಿ. ಮುಖ ಬೂದಿ ಬಳಿದಂತೆ ಬೆಳ್ಳಗೆ ಬಂದರೆ ಪೌಡರ್ ಅಥವಾ ಸನ್‌ಸ್ಕ್ರೀನ್ ಬದಲಿಸಲು ಹೇಳಿ. ಇಷ್ಟಕ್ಕೆ ಒಪ್ಪದವರಾದರೆ ಬೇರೆಯವರನ್ನು ಹುಡುಕಿ, ಏಪ್ರಿಲ್‌ಗೆ ಇನ್ನೂ ಸಮಯವಿದೆ.